ನಮ್ಮೆಲ್ಲರ ಸರ್ವರ್

"ಸರ್, ಆಗ ಸರ್ವರ್‌ನ ನೀವೇ ನೋಡ್ಕೊತಿದ್ರಂತೆ, ಯಾಕೆ? ಗಿಟ್‌ಹಬ್‌ಗೆ ಹಾಕಿಬಿಡಬಹುದಿತ್ತಲ್ಲ?" ಎಂದು ಎಂಜಿನಿಯರಿಂಗ್ ಮೂರನೇ ವರ್ಷದ ಹುಡುಗಿಯೊಬ್ಬಳು ಈಚೆಗೆ ಕೇಳಿದಳು. ಹಾಸನದಲ್ಲಿ ಕೂತು ಕನ್ನಡದ ಮುಕ್ತ ತಂತ್ರಾಂಶಗಳಿಗೆ ತಿದ್ದುಪಡಿ ಕಳಿಸುವ ಚುರುಕು ಹುಡುಗಿ. ಗಿಟ್‌ಹಬ್ ಶುರುವಾದದ್ದೇ 2008ರಲ್ಲಿ ಎಂದಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಆದರೆ ರಾಯರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಅವರ ಹೆಸರೆತ್ತದೆ ಆ ಪ್ರಶ್ನೆಗೆ ಉತ್ತರ ಹೇಳಲು ನನಗೆ ಬಾಯಿ ಬರಲಿಲ್ಲ.

ಬೆಂಗಳೂರಿನಲ್ಲಿ ಲಿನಕ್ಸ್ ಅಂದರೆ ಪಿಸಿ ಕ್ವೆಸ್ಟ್ ಪತ್ರಿಕೆಯ ಜೊತೆ ಬರುವ ಸಿ.ಡಿ. ಎನ್ನುವ ಕಾಲ ಅದು. 2001ರಲ್ಲಿ 'ಲಿನಕ್ಸ್ ಬ್ಯಾಂಗಲೋರ್' ಸಮ್ಮೇಳನ ಶುರುವಾಯಿತು. ಮುಂದೆ ಅದೇ ಫಾಸ್ ಡಾಟ್ ಇನ್ ಎಂಬ ಹೆಸರಿನಲ್ಲಿ 2012ರ ತನಕ ನಡೆಯಿತು. ಅಲ್ಲಿ ಭಾಷಣಗಳ ನಡುವೆ ಕಾಫಿ ಲೋಟ ಹಿಡಿದು ನಿಂತವರು ಪರಿಚಯವಾಗಿ, ಪರಿಚಯ ಬಳಗವಾಯಿತು. ಒಬ್ಬರು ಗ್ನೋಮ್‌ನ ಮೆನುಗಳನ್ನು ಕನ್ನಡಕ್ಕೆ ತರುವವರು, ಇನ್ನೊಬ್ಬರು ಕೆಡಿಇಗೆ. ಒಬ್ಬರು ಫಾಂಟಿನ ಒತ್ತಕ್ಷರ ಸರಿಮಾಡುವವರು. ಶಿವಮೊಗ್ಗ, ಧಾರವಾಡಗಳಿಂದ ಡಯಲ್ಅಪ್ ಮೇಲೆ ಅನುವಾದದ ಕಡತ ಕಳಿಸುವವರು ಕೆಲವರು. ಇವೆಲ್ಲ ಬಂದು ಬೀಳಲು ಒಂದು ಜಾಗ ಬೇಕಿತ್ತು. 1999ರಿಂದ ಸೋರ್ಸ್‌ಫೋರ್ಜ್ ಉಚಿತವಾಗಿ ಜಾಗ ಕೊಡುತ್ತಿತ್ತು, ನಿಜ. ಆದರೆ ಅಮೆರಿಕದ ಆ ಸರ್ವರಿನಿಂದ ಒಂದು ಕಡತ ಇಳಿಸಿಕೊಳ್ಳುವ ಹೊತ್ತಿಗೆ ಫೋನಿನ ಬಿಲ್ಲು ಏರುತ್ತಿತ್ತು. ನಮ್ಮ ಊರಲ್ಲೇ ಒಂದು ಯಂತ್ರ ಇಟ್ಟು, ಡೆಬಿಯನ್ ಪ್ಯಾಕೇಜುಗಳನ್ನೂ ಅದರಲ್ಲಿ ತುಂಬಿಸಿ, ಬೇಕೆಂದವರಿಗೆ ಸಿ.ಡಿ. ಸುಟ್ಟು ಕೊಡೋಣ ಎಂದವರು ರಾಯರು.

ರಾಯರು ಟೆಲಿಫೋನ್ ವಿನಿಮಯ ಕೇಂದ್ರಗಳಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಲಿನಕ್ಸ್ ಕಲಿತದ್ದೇ ನಿವೃತ್ತಿಯ ನಂತರ. ಗಾಂಧಿ ಬಜಾರಿನ ಹತ್ತಿರ ಇಂಟರ್‌ನೆಟ್ ಸಂಪರ್ಕ ಕೊಡುವ ಸಣ್ಣ ಕಚೇರಿಯೊಂದಿತ್ತು. ಅದರ ಮಾಲೀಕ ಅವರ ಹಳೆಯ ಶಿಷ್ಯ. ಕಚೇರಿಯ ಹಿಂದಿನ ಕೋಣೆಯಲ್ಲಿ ಒಂದು ಮೂಲೆ, ರಾತ್ರಿ ಹತ್ತರ ಮೇಲೆ ಯಾರೂ ಬಳಸದ ಲೀಸ್ಡ್ ಲೈನು, ಇಷ್ಟು ನಮ್ಮ ಪಾಲಿಗೆ ಸಿಕ್ಕಿತು. ಬಾಡಿಗೆ ಇಲ್ಲ. ಬದಲಿಗೆ ಆ ಕಚೇರಿಯ ಮೇಲ್ ಸರ್ವರನ್ನೂ ನಾವೇ ನೋಡಿಕೊಳ್ಳಬೇಕು.

ಆ ಕೋಣೆಯ ವಾಸನೆ ಈಗಲೂ ಮೂಗಿನಲ್ಲಿದೆ. ಯುಪಿಎಸ್ ಬ್ಯಾಟರಿಯ ಹುಳಿ ಗಾಳಿ, ಬಿಸಿಯಾದ ಧೂಳು, ಹಳೆಯ ಏಸಿಯಿಂದ ಒಸರುವ ನೀರಿಗೆ ಗೋಡೆಯ ಸುಣ್ಣ ನೆನೆದ ಒಂದು ತಣ್ಣನೆಯ ಕಮಟು. ಕರೆಂಟ್ ಹೋಗಿ ಬಂದರೆ ಬ್ಯಾಟರಿಯ ವಾಸನೆ ಮೇಲಾಗುತ್ತಿತ್ತು. ರಾಯರು ಬಾಗಿಲು ತೆರೆದ ಕೂಡಲೇ ಮೂಗೇರಿಸಿ, "ಮಧ್ಯಾಹ್ನ ಕರೆಂಟ್ ಹೋಗಿತ್ತು ಕಣಯ್ಯ" ಎನ್ನುವರು. ಲಾಗ್ ತೆಗೆದು ನೋಡಿದರೆ ಹೌದು. ಆಯುಧಪೂಜೆಯ ದಿನ ಊದುಬತ್ತಿಯನ್ನು ಆ ಕೋಣೆಯೊಳಗೆ ಬಿಡುತ್ತಿರಲಿಲ್ಲ. ಹೊಗೆ ಫ್ಯಾನಿಗೆ ಅಂಟುತ್ತದೆ ಎಂದು ಹೊಸ್ತಿಲಿಗೇ ಹೂವಿಟ್ಟು, ಕುಂಬಳಕಾಯಿಯನ್ನು ರಸ್ತೆಯಲ್ಲಿ ಒಡೆಸುತ್ತಿದ್ದರು.

ಎಸ್.ಪಿ. ರಸ್ತೆಯಲ್ಲಿ ಅವರು ಮಾಡಿದ ಒಂದು ವ್ಯಾಪಾರ ಹೇಳಲೇಬೇಕು. ಟೌನ್ ಹಾಲಿನ ಹಿಂದಿನ ಆ ಸಂದುಗಳಲ್ಲಿ ಸಿಗದ ಭಾಗವೇ ಇಲ್ಲ. ನಮಗೆ ಬೇಕಿದ್ದದ್ದು ಎರಡು ಹಾರ್ಡ್ ಡಿಸ್ಕ್, ಒಂದು ಕೆಟ್ಟರೆ ಇನ್ನೊಂದು ನಡೆಯುವಂತೆ ಜೋಡಿ ಕಟ್ಟಲು. ಅಂಗಡಿಯವನು ಒಂದೇ ಡಬ್ಬದಿಂದ ಎರಡು ತೆಗೆದು ಇಟ್ಟ. ರಾಯರು ಒಂದನ್ನು ಹಿಂದಕ್ಕೆ ತಳ್ಳಿದರು. "ಬೇರೆ ಲಾಟಿಂದು ಕೊಡಪ್ಪ. ಒಂದೇ ದಿನ ಹುಟ್ಟಿದವು ಒಂದೇ ದಿನ ಸಾಯ್ತವೆ." ಅವನು ನಕ್ಕ, ಆದರೆ ಒಳಗೆ ಹೋಗಿ ಹುಡುಕಿ ತಂದ. ಸೀರಿಯಲ್ ನಂಬರುಗಳನ್ನು ಕನ್ನಡಕ ಏರಿಸಿ ಓದಿದ ಮೇಲೆ ಬೆಲೆಯ ಮಾತು. ಅವನು ಏಳು ಸಾವಿರ ಎಂದ, ರಾಯರು ಆರಕ್ಕೆ ನಿಂತರು. ಅವನು ಬಗ್ಗಲಿಲ್ಲ.

"ಏನು ಬಿಸಿನೆಸ್ ಸಾರ್ ನಿಮ್ದು?"

"ಬಿಸಿನೆಸ್ ಇಲ್ಲ. ಕನ್ನಡದ ಸಾಫ್ಟ್‌ವೇರ್ ಇಡ್ತೀವಿ. ಯಾರು ಬೇಕಾದ್ರೂ ತಗೊಂಡು ಹೋಗ್ಬಹುದು."

"ಕಾಸು?"

"ಇಲ್ಲ."

ಅವನು ಸ್ವಲ್ಪ ಹೊತ್ತು ಅವರ ಮುಖವನ್ನೇ ನೋಡಿದ. ಅವನ ಬಿಲ್ಲಿಂಗ್ ಕಂಪ್ಯೂಟರಿಗೆ ವಾರಕ್ಕೊಮ್ಮೆ ವೈರಸ್ ಬಡಿಯುತ್ತಿತ್ತು. ಕೊನೆಗೆ ಕುದುರಿದ ಒಪ್ಪಂದ ಹೀಗೆ: ಆರು ಸಾವಿರಕ್ಕೆ ಎರಡು ಡಿಸ್ಕು, ಮೇಲೊಂದು ಫ್ಯಾನು ಪುಕ್ಕಟೆ, ಅವನ ಅಂಗಡಿಯ ಯಂತ್ರಕ್ಕೆ ಲಿನಕ್ಸ್ ಹಾಕಿಕೊಡುವುದು ನಮ್ಮ ಕೆಲಸ. ಬೈಟು ಕಾಫಿ ತರಿಸಿದವನೂ ಅವನೇ. ಆ ಎರಡು ಡಿಸ್ಕುಗಳಲ್ಲಿ ಮೊದಲನೆಯದು ಸತ್ತಾಗ ಎರಡನೆಯದು ಮಿಸುಕಲಿಲ್ಲ. ಯಾರೂ ಒಂದು ಸಾಲು ಕಳೆದುಕೊಳ್ಳಲಿಲ್ಲ.

ಒಂದೇ ಯಂತ್ರದಲ್ಲಿ ಹತ್ತಾರು ಯೋಜನೆಗಳು ಇರುವುದೆಂದರೆ ವಠಾರದ ಬಾಳು. ನಲ್ಲಿ ಒಂದೇ. ಯಾರೋ ಬರೆದ ಪಿಎಚ್‌ಪಿ ಸ್ಕ್ರಿಪ್ಟು ಕೊನೆಯಿಲ್ಲದೆ ಸುತ್ತತೊಡಗಿದರೆ ಉಳಿದವರ ತಾಣವೆಲ್ಲ ಕುಂಟುತ್ತದೆ. ಯಾರೋ ಕಾಲೇಜು ಹುಡುಗ ಸಿನಿಮಾ ಹಾಡುಗಳನ್ನು ತುಂಬಿಸಿಟ್ಟರೆ ಡಿಸ್ಕ್ ಭರ್ತಿಯಾಗಿ, ಧಾರವಾಡದವರ ವಾರದ ಅನುವಾದ ಒಳಗೆ ಬಾರದೆ ವಾಪಸಾಗುತ್ತದೆ. ರಾಯರು ಯಾರ ಖಾತೆಯನ್ನೂ ಹೇಳದೆ ಅಳಿಸಿದವರಲ್ಲ. ಫೋನ್ ಮಾಡುವರು. "ಮಗೂ, ನಿನ್ನ ಮನೇಲಿ ಎಲ್ಲರೂ ಚೆನ್ನಾಗಿದಾರಾ?" ಎಂದು ಶುರುಮಾಡಿ, ಐದು ನಿಮಿಷದ ಮೇಲೆ ಹಾಡಿನ ವಿಷಯಕ್ಕೆ ಬರುವರು. ರೂಟ್ ಆಗಿ ಯಾರು ಒಳಹೊಕ್ಕರೂ ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ತಾರೀಖು, ಹೆಸರು, ಮಾಡಿದ ಬದಲಾವಣೆ, ಅದರ ಕಾರಣ, ಇಷ್ಟನ್ನೂ ಪೆನ್ನಿನಲ್ಲಿ ಬರೆಯಬೇಕು. ಕಾರಣ ಬರೆಯದಿದ್ದರೆ ಮರುದಿನ ಕರೆ ಬರುತ್ತಿತ್ತು.

2008ರ ಮೇ ತಿಂಗಳಲ್ಲಿ ಆ ಪುಸ್ತಕದ ಬೆಲೆ ಗೊತ್ತಾಯಿತು. 2006ರಲ್ಲಿ ಡೆಬಿಯನ್‌ನವರು ಓಪನ್‌ಎಸ್‌ಎಸ್‌ಎಲ್‌ನಲ್ಲಿ ಮಾಡಿದ ಒಂದು ಪುಟ್ಟ ಬದಲಾವಣೆಯಿಂದ ಆಕಸ್ಮಿಕತೆಯೇ ಬತ್ತಿಹೋಗಿತ್ತು. ಅಲ್ಲಿಂದೀಚೆಗೆ ಆ ವ್ಯವಸ್ಥೆಯಲ್ಲಿ ಹುಟ್ಟಿದ ಕೀಲಿಗಳು, ಒಂದು ಬಗೆಗೆ ಸುಮಾರು 32 ಸಾವಿರ ಸಾಧ್ಯತೆಗಳೊಳಗೇ ಸುತ್ತುತ್ತಿದ್ದವು. ತಾಳ್ಮೆ ಇರುವ ಕಳ್ಳ ಒಂದೊಂದಾಗಿ ಹಾಕಿ ನೋಡಿದರೆ ಬೀಗ ತೆರೆಯುತ್ತದೆ. ಜಗತ್ತಿನ ಎಲ್ಲ ಸರ್ವರ್ ಕಾಯುವವರಿಗೂ ಆ ವಾರ ನಿದ್ದೆಯಿಲ್ಲ. ಯಾವ ಖಾತೆ ಯಾರದು, ಕೀಲಿ ಯಾವಾಗ ಸೇರಿಸಿದ್ದು ಎಂಬುದು ನಮ್ಮ ಪುಸ್ತಕದಲ್ಲಿತ್ತು. ಸಂಶಯ ಬಂದ ಕೀಲಿಗಳನ್ನೆಲ್ಲ ತೆಗೆದು, ಒಬ್ಬೊಬ್ಬರಿಗೂ ಫೋನ್ ಮಾಡಿ, ಧ್ವನಿ ಗುರುತಿಸಿ ಹೊಸದನ್ನು ಸೇರಿಸಿದೆವು. ರಾಯರ ಮನೆಯಿಂದ ಡಬ್ಬಿಯಲ್ಲಿ ಪುಳಿಯೋಗರೆ ಬರುತ್ತಿತ್ತು.

ಅಂದಿನದೆಲ್ಲ ಚಿನ್ನ ಎಂದು ಹೇಳಲು ನಾನು ಕೂತಿಲ್ಲ. ಹಬ್ಬದ ರಜೆಯಲ್ಲಿ ಯಂತ್ರ ನಿಂತರೆ, ಬೀಗದಕೈ ಇದ್ದವರು ಊರಿಂದ ವಾಪಸಾಗುವ ತನಕ ಎಲ್ಲರ ಕೆಲಸವೂ ನಿಲ್ಲುತ್ತಿತ್ತು. ಹೊಸಬರಿಗೆ ಖಾತೆ ಸಿಗಲು ಯಾರಾದರೂ ಗುರುತಿನವರು ಹೇಳಬೇಕಿತ್ತು. ಗುರುತಿನವರಿಲ್ಲದ ಎಷ್ಟು ಹುಡುಗರು ಹಾಗೇ ಹಿಂದಿರುಗಿದರೋ. ರಾತ್ರಿ ಹತ್ತರ ಮೇಲೆ ನಡೆಯುವ ಈ ಕೆಲಸಕ್ಕೆ ಹೆಣ್ಣುಮಕ್ಕಳನ್ನು ಯಾವ ಮನೆಯವರೂ ಕಳಿಸುತ್ತಿರಲಿಲ್ಲ. ಇವತ್ತು ಹಾಸನದ ಆ ಹುಡುಗಿ ಯಾರ ಅಪ್ಪಣೆಯೂ ಬೇಡದೆ ತನ್ನ ತಿದ್ದುಪಡಿ ಕಳಿಸುತ್ತಾಳೆ. ಇದು ದೊಡ್ಡ ಗಳಿಕೆ, ಇದನ್ನು ತೂಕ ಕಡಿಮೆಮಾಡಿ ಹೇಳಲಾರೆ.

ಆ ಕಚೇರಿ ಮಾರಾಟವಾಯಿತು. ಹೊಸ ಮಾಲೀಕರಿಗೆ ಮೂಲೆಯ ಯಂತ್ರ ಬೇಡವಾಗಿತ್ತು. ಖಾಲಿಮಾಡಿ ಎಂದು ಒಂದು ವಾರ ಕೊಟ್ಟರು. ನ್ಯೂಜೆರ್ಸಿಯಲ್ಲಿದ್ದ ಕನ್ನಡಿಗರೊಬ್ಬರು ತಮ್ಮ ಕಾರ್ಡಿನಲ್ಲಿ ಬಾಡಿಗೆ ಕಟ್ಟಿ ವಿದೇಶದ ಒಂದು ಸರ್ವರ್ ಹಿಡಿದುಕೊಟ್ಟರು. ಆಮೇಲೆ ಗಿಟ್ ಬಂತು. ತಾನೇ ಮುಕ್ತ ತಂತ್ರಾಂಶವಾಗಿದ್ದ ಗಿಟೋರಿಯಸ್‌ಗೆ ಕೆಲವನ್ನು ಒಯ್ದೆವು, 2015ರಲ್ಲಿ ಅದು ಮುಚ್ಚಿತು. ಗೂಗಲ್ ಕೋಡ್‌ನಲ್ಲಿಟ್ಟವರು 2016ರ ಜನವರಿಯೊಳಗೆ ಗಂಟುಮೂಟೆ ಕಟ್ಟಬೇಕಾಯಿತು. ಸೋರ್ಸ್‌ಫೋರ್ಜ್‌ನಂಥ ಹಿರಿಯಣ್ಣನೇ 2015ರಲ್ಲಿ ಗಿಂಪ್‌ನ ವಿಂಡೋಸ್ ಕಡತಕ್ಕೆ ಜಾಹೀರಾತಿನ ಕಸ ಸೇರಿಸಿ ಹಂಚಿ ಹೆಸರು ಕೆಡಿಸಿಕೊಂಡಿತು. 2018ರಲ್ಲಿ ಮೈಕ್ರೋಸಾಫ್ಟ್ 750 ಕೋಟಿ ಡಾಲರಿಗೆ ಗಿಟ್‌ಹಬ್ಬನ್ನು ಕೊಂಡಿತು. ಅಷ್ಟು ಹೊತ್ತಿಗೆ ನಮ್ಮದೂ ಬಹುಪಾಲು ಅಲ್ಲೇ ಇತ್ತು. ಉಳಿದ ಸ್ವಲ್ಪಕ್ಕೆ, 2021ರ ಅಕ್ಟೋಬರಿನಲ್ಲಿ ಕಾರ್ಡುಗಳ ನಿಯಮ ಬದಲಾಗಿ ವಿದೇಶಕ್ಕೆ ತಾನಾಗಿ ಹೋಗುತ್ತಿದ್ದ ಪಾವತಿಗಳು ನಿಂತಾಗ, ಡೊಮೈನ್ ಹೆಸರು ಉಳಿಸಿಕೊಳ್ಳುವುದೇ ಒಂದು ಹೋರಾಟವಾಯಿತು.

ರಾಯರು ಇದಕ್ಕೆಲ್ಲ ಅಡ್ಡ ಬರಲಿಲ್ಲ. "ಪ್ರತಿ ಇಟ್ಕೊಳ್ಳಿ. ಬೇರೆ ಕಡೆ, ಬೇರೆಯವರ ಕೈಲಿ" ಎಂದಷ್ಟೇ ಹೇಳುತ್ತಿದ್ದರು. ಒಂದರಲ್ಲಿ ಬದಲಾದದ್ದು ಇನ್ನೊಂದರಲ್ಲೂ ತಕ್ಷಣ ಬದಲಾದರೆ ಅದು ಬ್ಯಾಕಪ್ ಅಲ್ಲ ಎಂಬುದು ಅವರ ಹಳೆಯ ಪಾಠ. 2013ರ ಮಾರ್ಚಿನಲ್ಲಿ ಕೆಡಿಇಯಂಥ ದೊಡ್ಡ ಬಳಗಕ್ಕೇ ಅದು ಅನುಭವಕ್ಕೆ ಬಂತು. ಮುಖ್ಯ ಸರ್ವರನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಿದಾಗ ಕಡತವ್ಯವಸ್ಥೆ ಕೆಟ್ಟಿತ್ತು. ಜಗತ್ತಿನಾದ್ಯಂತ ಇದ್ದ ಮಿರರ್‌ಗಳು ಆ ಕೆಟ್ಟದ್ದನ್ನೇ ನಿಷ್ಠೆಯಿಂದ ನಕಲು ಮಾಡಿಕೊಂಡವು. ಸುಮಾರು 1,500 ಭಂಡಾರಗಳು ಹೋಗಿಯೇ ಬಿಡುತ್ತಿದ್ದವು. ಅದೃಷ್ಟಕ್ಕೆ ಒಂದು ಸರ್ವರಿನಲ್ಲಿ ಕೆಡದ ಪ್ರತಿ ಉಳಿದಿತ್ತು, ಅದರಿಂದ ಎಲ್ಲವೂ ಬದುಕಿತು.

ಈಗ ಬೇರೆಯೇ ಕಾಟ. ಕೃತಕ ಬುದ್ಧಿಮತ್ತೆಗೆ ಮೇವು ಹುಡುಕುವ ಕಂಪನಿಗಳ ಬಾಟ್‌ಗಳು ಹಗಲು ರಾತ್ರಿ ಈ ಬಳಗಗಳ ಸರ್ವರುಗಳ ಮೇಲೆ ಬೀಳುತ್ತವೆ. ಕೋಡಿನ ಪ್ರತಿ ಹಳೆಯ ಬದಲಾವಣೆಯ ಪುಟವನ್ನೂ ಬಿಡದೆ ಕೇಳುತ್ತವೆ, ಬರಬೇಡಿ ಎಂದು ಬರೆದಿಟ್ಟರೂ ಬರುತ್ತವೆ. 2025ರಲ್ಲಿ ಗ್ನೋಮ್‌ನವರು ಅನುಬಿಸ್ ಎಂಬ ಕಾವಲು ತಂತ್ರಾಂಶವನ್ನು ಬಾಗಿಲಿಗೆ ಕೂರಿಸಿ, ಬಂದವರ ಕಂಪ್ಯೂಟರಿಗೆ ಲೆಕ್ಕ ಕೊಟ್ಟು ಮಾಡಿಸಿ ಒಳಬಿಡಬೇಕಾಯಿತು. ಅದೇ ವರ್ಷ ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಓಪನ್ ಸೋರ್ಸ್ ಲ್ಯಾಬ್, 2003ರಿಂದ ನೂರಾರು ಮುಕ್ತ ಯೋಜನೆಗಳಿಗೆ ಜಾಗ ಕೊಟ್ಟು ವಿದ್ಯಾರ್ಥಿಗಳಿಗೆ ಇದೇ ಕಸುಬು ಕಲಿಸಿದ ಮನೆ, 2.5 ಲಕ್ಷ ಡಾಲರ್ ಸಿಗದಿದ್ದರೆ ಮುಚ್ಚಬೇಕಾಗುತ್ತದೆ ಎಂದು ಬಹಿರಂಗವಾಗಿ ಕೈಚಾಚಿತು. ಆ ಸರ್ವರುಗಳ ಮೇಲೆ ಕೋಟಿಗಟ್ಟಲೆ ಗಳಿಸಿದವರಿಗೆ ಆ ಮೊತ್ತ ಒಂದು ದಿನದ ಊಟದ ಬಿಲ್ಲು. ಅಷ್ಟಕ್ಕಾಗಿ ಅಂಥ ಸಂಸ್ಥೆ ಬೇಡುವ ಹಾಗಾದದ್ದು ಈ ಉದ್ಯಮದ ನಾಚಿಕೆಗೇಡು.

ನಮ್ಮೂರಿನ ನಾಚಿಕೆಯೂ ಕಡಿಮೆಯಿಲ್ಲ. ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಲಿನಕ್ಸ್ ಇಲ್ಲದೆ ಒಂದು ದಿನ ನಡೆಯದು. ಆದರೆ ಗುಬ್ಬಿ, ನವಿಲು ಎಂಬ ಮುಕ್ತ ಕನ್ನಡ ಫಾಂಟುಗಳಂಥವನ್ನು ಕಾಯಲು ಒಂದು ರ‍್ಯಾಕಿನ ಮೂಲೆ ಕೊಡಿ ಎಂದು ಕೇಳಿದರೆ, ಅರ್ಜಿ ಯಾವ ವಿಭಾಗಕ್ಕೆ ಎಂದು ಕೇಳುತ್ತಾರೆ. ಗಾಂಧಿ ಬಜಾರಿನ ಸಣ್ಣ ಮಾಲೀಕ ಯಾವ ವಿಭಾಗವನ್ನೂ ಕೇಳಿರಲಿಲ್ಲ.

ಕಂಪನಿಗಳಲ್ಲಿ ಕೈ ನಡೆಯುವವರು ನೀವಾಗಿದ್ದರೆ, ನಿಮ್ಮ ಕೆಲಸ ನಿಂತಿರುವ ಮುಕ್ತ ತಂತ್ರಾಂಶ ಯಾವ ಸರ್ವರಿನಿಂದ ಬರುತ್ತದೆ, ಅದರ ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ ಎಂದು ಒಮ್ಮೆ ವಿಚಾರಿಸಿ, ವರ್ಷಕ್ಕೊಂದು ಮೊತ್ತ ಕಳಿಸಿ. ಕಲಿಸುವವರಾಗಿದ್ದರೆ, ಕಾಲೇಜಿನಲ್ಲಿ ಒಂದು ಹಳೆಯ ಯಂತ್ರ ಎತ್ತಿಟ್ಟು, ಕನ್ನಡದ ಭಂಡಾರಗಳ ಒಂದು ಪ್ರತಿಯನ್ನು ಮಕ್ಕಳ ಕೈಯಲ್ಲೇ ಕಾಯಿಸಿ. ಪಕ್ಕದಲ್ಲಿ ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ಇಡಿ, ಕಾರಣ ಬರೆಯದೆ ಯಾರನ್ನೂ ಎದ್ದು ಹೋಗಲು ಬಿಡಬೇಡಿ.