ಒಂದು ಚಿತ್ರ, ಹಲವು ಕೋಣೆ

ಮನೆಗೆ ಒಂದೇ ದೀಪವಿದ್ದ ಕಾಲದಲ್ಲಿ ಮಂದಿಯೇ ದೀಪದ ಬಳಿಗೆ ಬಂದು ಕೂಡುತ್ತಿದ್ದರು. ಕೋಣೆಗೊಂದು ದೀಪವಾದ ಮೇಲೆ ಬೆಳಕೇ ಮಂದಿಯನ್ನು ಹುಡುಕಿಕೊಂಡು ಹೋಗತೊಡಗಿತು. ದೂರದರ್ಶನದ ಚಿತ್ರಕ್ಕೂ ಇದೇ ಗತಿಯೊದಗಿದೆ. 1975ನೆಯ ಆಗಸ್ಟ್ 1ರಿಂದ ಒಂದು ವರುಷದ ವರೆಗೆ ಅಮೇರಿಕೆಯ ಉಪಗ್ರಹವೊಂದರ ಸಹಾಯದಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಚಿತ್ರವನ್ನು ಕಳಿಸುವ ಪ್ರಯೋಗವು ನಡೆಯಿತು. ಪಟ್ಟದಕಲ್ಲು ಅಂದು ಸೇರಿದ್ದ ವಿಜಾಪುರ ಜಿಲ್ಲೆಯ ಹಳ್ಳಿಗಳೂ ಅದರಲ್ಲಿದ್ದವು. ಊರಿಗೊಂದು ಪೆಟ್ಟಿಗೆ, ತಂತಿಯ ಬಲೆಯಿಂದ ಮಾಡಿದ ದೊಡ್ಡದೊಂದು ಛತ್ರಿ. ಅದರ ಮುಂದೆ ಊರಿಗೆ ಊರೇ ನೆರೆಯುತ್ತಿತ್ತು. ಇಂದು ಮನೆಗೊಂದು ಟೀವಿಯೂ ಸಾಲದಾಗಿದೆ.

ಹೀಗೆ ಸಾಲದಾಗುವದಕ್ಕೆ ಯಾವಾಗಲೂ ಆಡಂಬರವೇ ಕಾರಣವಲ್ಲ. ಪಟ್ಟದಕಲ್ಲಿನ ಗೃಹಸ್ಥನೊಬ್ಬನ ಮನೆಯಲ್ಲಿ ವೃದ್ಧಮಾತೆಯು ಟೊಂಕ ಮುರಿದುಕೊಂಡು ಒಳಕೋಣೆಯನ್ನು ಹಿಡಿದಳು. ಪಡಸಾಲೆಯಲ್ಲಿ ಹೊಸ ಟೀವಿಯ ಮುಂದೆ ಮಕ್ಕಳು ಮೊಮ್ಮಕ್ಕಳು ನಕ್ಕಾಗಲೆಲ್ಲ ಆಕೆಯು ಒಳಗಿನಿಂದ “ಏನಾತು?” ಎಂದು ಕೂಗುವಳು. ಯಾರಾದರೂ ಎದ್ದು ಹೋಗಿ ಹೇಳುವಷ್ಟರಲ್ಲಿ ನಗೆಯ ರಸವೇ ಆರಿಹೋಗಿರುವದು. ಆಕೆಯ ಕೋಣೆಯಲ್ಲಿ ಹಳೆಯ ಟೀವಿಯೊಂದಿತ್ತು. ಅದಕ್ಕೊಂದು ಬೇರೆ ಸೆಟ್ ಟಾಪ್ ಪೆಟ್ಟಿಗೆಯನ್ನು ಕೂಡಿಸಿದ್ದರೆ ಆಕೆಯು ತನಗೆ ಬೇಕಾದುದನ್ನು ನೋಡಬಹುದಾಗಿತ್ತು. ಆದರೆ ಆಕೆಗೆ ಬೇಕಾದುದು ಬೇರೊಂದು ಚಿತ್ರವಲ್ಲ. ಎಲ್ಲರೂ ನೋಡುತ್ತಿದ್ದ ಚಿತ್ರವೇ. ಆದುದರಿಂದ ಒಂದೇ ಪೆಟ್ಟಿಗೆಯ ಚಿತ್ರವನ್ನು ಎರಡು ಕೋಣೆಗಳಿಗೆ ಹಂಚಲು ಮಗನು ನಿಶ್ಚಯಿಸಿದನು.

ಹೇಳುವಷ್ಟು ಸುಲಭವಾದ ಕೆಲಸವಲ್ಲವಿದು. ಉಚ್ಚ ಸ್ಪಷ್ಟತೆಯ ಪೂರ್ಣ ಚಿತ್ರವೆಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು ಇಪ್ಪತ್ತು ಲಕ್ಷಕ್ಕೂ ಮಿಕ್ಕಿದ ಬಣ್ಣದ ಚುಕ್ಕೆಗಳು. ಅವನ್ನು ಸಂಕ್ಷೇಪಿಸದೆ ಸೆಕೆಂಡಿಗೆ 60 ಸಲ ಕಳಿಸಬೇಕಾದರೆ ತಂತಿಯ ಮೇಲೆ ಸುಮಾರು 300 ಕೋಟಿ ಬಿಟ್‌ಗಳು ಓಡಬೇಕು. ಪೆಟ್ಟಿಗೆಗೂ ಟೀವಿಗೂ ನಡುವಿನ ಎಚ್.ಡಿ.ಎಂ.ಐ. ತಂತಿಯು ಗೇಣು ಮೊಳಗಳ ದೂರಕ್ಕೆ ಚೆನ್ನಾಗಿ ದುಡಿಯುವದು. ಹತ್ತು ಹದಿನೈದು ಮೀಟರು ದಾಟಿದರೆ ದಣಿಯುವದು. ನಿಸ್ತಂತುವಾಗಿ ಕಳಿಸೋಣವೆಂದರೆ ಆ ಸೀಮೆಯ ಮರಳುಗಲ್ಲಿನ ದಪ್ಪ ಗೋಡೆಗಳು ಅಲೆಗಳನ್ನು ನುಂಗಿಬಿಡುವವು. ಕೊನೆಗೆ ಗಣಕಯಂತ್ರಗಳನ್ನು ಜೋಡಿಸುವ ಕ್ಯಾಟ್-6 ತಂತಿಯನ್ನು ತೊಲೆಯ ಗುಂಟ ಎಳೆದು, ಈ ತುದಿಗೆ ಕಳಿಸುವದೊಂದು, ಆ ತುದಿಗೆ ಸ್ವೀಕರಿಸುವದೊಂದು ಚಿಕ್ಕ ಡಬ್ಬಿಯನ್ನು ಕೂಡಿಸಿದರು. ಚಿತ್ರವನ್ನು ಕವಲೊಡೆಯಿಸಲು ಸ್ಪ್ಲಿಟರ್ ಬಂದಿತು. ರಿಮೋಟಿನ ಸಂಕೇತವು ಅದೇ ತಂತಿಯಲ್ಲಿ ಹಿಂದಿರುಗುವಂತೆಯೂ ಏರ್ಪಡಿಸಿದ್ದರಿಂದ, ವಾಹಿನಿಯನ್ನು ಬದಲಿಸುವ ಅಧಿಕಾರವು ಹಾಸಿಗೆ ಹಿಡಿದವಳಿಗೂ ದೊರೆಯಿತು.

ಆಗ ಹೊಸದೊಂದು ತೊಡಕು ತಲೆದೋರಿತು. ಸ್ಪ್ಲಿಟರ್ ತನಗೆ ಕೂಡಿಸಿದ ಪ್ರತಿಯೊಂದು ಟೀವಿಯನ್ನು “ನಿನ್ನ ಶಕ್ತಿಯೆಷ್ಟು?” ಎಂದು ಮೊದಲು ಕೇಳುವದು. ಎಲ್ಲವುಗಳಿಗೂ ಒಂದೇ ಚಿತ್ರವನ್ನು ಕೊಡಬೇಕಾಗಿರುವದರಿಂದ, ಇಂಥ ಅನೇಕ ಯಂತ್ರಗಳು ಎಲ್ಲರಿಗಿಂತ ದುರ್ಬಲನಾದವನಿಗೆ ತಾಳುವಷ್ಟನ್ನೇ ಎಲ್ಲರಿಗೂ ಬಡಿಸುವವು. ಒಳಕೋಣೆಯ ಹಳೆಯ ಟೀವಿಯ ದೆಸೆಯಿಂದ ಪಡಸಾಲೆಯ ಹೊಸ ಟೀವಿಯ ಚಿತ್ರವೂ ತನ್ನ ನುಣುಪನ್ನು ಕಳೆದುಕೊಂಡಿತು. ಹುಡುಗರು ಗೊಣಗಿದರು. ಸುದ್ದಿ ಒಳಗೆ ಮುಟ್ಟಿದಾಗ ಮುದುಕಿಯು ಮಗನನ್ನು ಕರೆದು, “ನನ್ನ ಕಣ್ಣs ಮಬ್ಬು ಅದಾವೋ ತಮ್ಮಾ, ನನ್ನ ಸಲುವಾಗಿ ಹುಡುಗರ ಚಿತ್ರಾ ಯಾಕ ಮಬ್ಬು ಮಾಡ್ತಿ? ಕಿತ್ತು ಬಿಡು” ಎಂದಳು.

ಆ ಊರಿನಲ್ಲಿಯೇ ಚಿತ್ರಗಳನ್ನು ಹಂಚಿದ ಹಳೆಯ ಮಾದರಿಯೊಂದುಂಟು. ಎರಡನೆಯ ವಿಕ್ರಮಾದಿತ್ಯನ ಕಂಚಿಯ ವಿಜಯದ ನೆನಪಿಗಾಗಿ ರಾಣಿ ಲೋಕಮಹಾದೇವಿಯು ಸುಮಾರು 740ರಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಕಂಬಗಳಲ್ಲಿ ರಾಮಾಯಣ ಮಹಾಭಾರತಗಳ ಕಥೆಗಳನ್ನು ಕೊರೆದಿದ್ದಾರೆ. ಅರಸನಿಗೊಂದು, ಆಳಿಗೊಂದು ಎಂಬ ಚಿತ್ರಭೇದ ಅಲ್ಲಿಲ್ಲ. ಕಂಬದಿಂದ ಕಂಬಕ್ಕೆ ನಡೆದವರಿಗೆಲ್ಲ ಕಥೆಯು ಒಂದೇ ಅಂದದಲ್ಲಿ ಕಾಣುವದು. ಆದರೆ ನಡೆಯಬೇಕು. ಕಾಲು ಸೋತವರ ಬಳಿಗೆ ಆ ಕಂಬಗಳು ಬರಲಾರವು. ಇಂದಿನ ತಂತಿಯು ಬರಬಲ್ಲದು. ಅದರ ಹಿರಿಮೆಯೆಲ್ಲ ಅಷ್ಟರಲ್ಲಿಯೇ ಇದೆ.

ಮಗನು ತಂತಿಯನ್ನು ಕೀಳಲಿಲ್ಲ. ಒಂದೊಂದು ಕವಲಿಗೆ ಅದರದರ ಟೀವಿಯ ಅಳತೆಗೆ ತಕ್ಕಂತೆ ಚಿತ್ರವನ್ನು ಇಳಿಸಿಕೊಡುವ ಬೇರೊಂದು ಬಗೆಯ ಸ್ಪ್ಲಿಟರ್ ದೊರೆಯುವದೆಂದು ತಿಳಿದು, ತುಸು ಹೆಚ್ಚು ಹಣ ತೆತ್ತು ಅದನ್ನು ತರಿಸಿದನು. ಅದು ಬರುವ ವರೆಗಿನ ದಿನಗಳಲ್ಲಿ ಪಡಸಾಲೆಯವರು ಮಬ್ಬು ಚಿತ್ರವನ್ನೇ ನೋಡಿದರು. ಚಿತ್ರವನ್ನು ಕೋಣೆ ಕೋಣೆಗೆ ಹಂಚಿದ ಮನೆಗಳಲ್ಲಿ ಒಬ್ಬೊಬ್ಬರೂ ತಮ್ಮ ಕದವಿಕ್ಕಿಕೊಂಡು ಬೇರೆ ಬೇರೆ ನೋಟಗಳಲ್ಲಿ ಮುಳುಗಿರುವದು ಇಂದು ಸಾಮಾನ್ಯವಾಗಿದೆ. ಆ ದೋಷವನ್ನು ತಂತಿಯ ಮೇಲೆ ಹೊರಿಸುವದು ನ್ಯಾಯವಲ್ಲ. ಇಲ್ಲಿಯೂ ತಂತಿಯು ಅದೇ. ಆದರೆ ಪಡಸಾಲೆಯಲ್ಲಿ ನಗೆಯೆದ್ದಾಗ ಒಳಕೋಣೆಯಿಂದ ಈಗ ಪ್ರಶ್ನೆಯು ಬರುವದಿಲ್ಲ, ನಗೆಯೇ ಬರುವದು.