ಅಂತರಗಂಗೆಯ ಬಂಡೆಗಳ ನಡುವೆ

ಕೆ.ಆರ್. ಪುರದಿಂದ ಹೊಸಕೋಟೆಯ ಮೂಲಕ ಪೂರ್ವಕ್ಕೆ ಸಾಗುವ ಹಳೆ ಮದ್ರಾಸ್ ರಸ್ತೆಯು ಹಲಸೂರು, ಇಂದಿರಾನಗರಗಳ ಜನರಿಗೆ ವಾಹನ ದಟ್ಟಣೆಯ ದಾರಿಯಾಗಿಯೇ ಪರಿಚಿತವಾಗಿದ್ದರೂ, ಬೆಂಗಳೂರಿನಿಂದ ಸುಮಾರು 70 ಕಿ.ಮೀ. ದೂರದ ಕೋಲಾರದಲ್ಲಿ ಅದು ಶತಶೃಂಗ ಬೆಟ್ಟಸಾಲಿನ ತಪ್ಪಲನ್ನು ತಲುಪುತ್ತದೆ. ಈ ಸಾಲಿನ ಅಂತರಗಂಗೆ ಬೆಟ್ಟದಲ್ಲಿ, ಕಲ್ಲಿನ ಬಸವನ ಬಾಯಿಂದ ಕಲ್ಯಾಣಿಗೆ ನೀರು ಸುರಿಯುವ ಕಾಶಿ ವಿಶ್ವೇಶ್ವರ ದೇಗುಲವನ್ನು ದಾಟಿ ಮೇಲೇರಿದರೆ, ಒಂದಕ್ಕೊಂದು ಒರಗಿನಿಂತ ಭಾರೀ ಬಂಡೆಗಳ ನಡುವಿನ ಗವಿಗಳು ಎದುರಾಗುತ್ತವೆ. ಶಿಲೆಯು ಬಿರುಕುಗಳ ಗುಂಟ ಒಡೆದು, ಬಿಸಿಲು ಮಳೆಗಳಿಗೆ ಅಂಚು ಸವೆದು ದುಂಡಾಗುವ ಶಿಥಿಲೀಕರಣವೆಂಬ ದೀರ್ಘ ಪ್ರಕ್ರಿಯೆಯೇ ಇವುಗಳ ಮೂಲ.

ಈ ಬಂಡೆಗಳ ಸುತ್ತಲಿನ, ಮುಳ್ಳುಗಿಡ, ಪೊದೆ ಹಾಗೂ ಗಿಡ್ಡ ಮರಗಳಿಂದ ಕೂಡಿದ ಕುರುಚಲು ಕಾಡನ್ನು ಬಂಜರು ಭೂಮಿಯೆಂದು ಎಣಿಸುವುದು ದೊಡ್ಡ ತಪ್ಪು. 1994ರಲ್ಲಿ ವಿಜ್ಞಾನಿಗಳು ಪ್ರತ್ಯೇಕ ಪ್ರಭೇದವೆಂದು ವಿವರಿಸಿದ, ಮೂಗಿನ ಮೇಲೆ ಎಲೆಯಾಕಾರದ ಚರ್ಮದ ಮಡಿಕೆಯಿರುವ ಕೋಲಾರದ ಎಲೆಮೂಗಿನ ಬಾವಲಿಯು ಇಂದು ಜಗತ್ತಿನಲ್ಲಿ ಇದೇ ಜಿಲ್ಲೆಯ ಹನುಮನಹಳ್ಳಿಯ ಗವಿಯೊಂದರಲ್ಲಿ ಮಾತ್ರ ಕಂಡುಬರುತ್ತಿದ್ದು, ಕಲ್ಲು ಗಣಿಗಾರಿಕೆಯು ಅದರ ಉಳಿವಿಗೆ ಬಹುದೊಡ್ಡ ಅಪಾಯವನ್ನು ತಂದೊಡ್ಡಿದೆ. ಒಂದು ಬಂಡೆರಾಶಿ ನಾಶವಾದರೆ ಒಂದು ಜೀವಜಾತಿಯೇ ಅಳಿಯಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಆದುದರಿಂದ ಈ ಬೆಟ್ಟಗಳಿಗೆ ಚಾರಣ ಹೊರಡುವವರು ಕೋತಿಗಳಿಗೆ ತಿಂಡಿ ಹಾಕದೆ, ಬಾವಲಿಗಳಿರುವ ಗವಿಗಳಿಗೆ ನುಗ್ಗದೆ, ಪ್ಲಾಸ್ಟಿಕ್ ಬಿಸುಡದೆ, ಮುಂಜಾನೆಯ ಹೊತ್ತಿನಲ್ಲಿ ಸದ್ದಿಲ್ಲದೆ ನಡೆದು ಹಕ್ಕಿಗಳನ್ನು ನೋಡಿ ಮರಳಬೇಕು.