ಮೂರು ಒನಕೆಗಳ ಸರದಿ

ಗೃಹಸ್ಥರಿಗೆ ವಿದ್ಯುಚ್ಛಕ್ತಿಯೆಂದರೆ ಗುಂಡಿ ಒತ್ತಿದೊಡನೆ ಬೆಳಗುವ ದೀಪ, ತಿರುಗುವ ಬೀಸಣಿಗೆ, ಅಡಿಗೆಮನೆಯ ಮಿಕ್ಸಿ, ಇಷ್ಟೇ. ಮನೆಗೆ ಎರಡೇ ತಂತಿ ಬರುವಾಗ ಬೀದಿಯ ಕಂಬದ ಮೇಲೆ ಅದಕ್ಕಿಂತ ಹೆಚ್ಚು ತಂತಿಗಳು ಏಕಿವೆಯೆಂದು ವಿಚಾರಿಸುವವರು ವಿರಳ. ಬಹುಕಾಲ ವ್ಯಾಕರಣ ಕಾವ್ಯಗಳನ್ನು ಪಾಠಹೇಳಿ ನಿವೃತ್ತರಾದ ನಮಗೂ ಆ ವಿಚಾರ ಬೇಕಾಗಿರಲಿಲ್ಲ. ಆದರೆ ಹಿತ್ತಿಲಿನಲ್ಲಿ ಸಣ್ಣದೊಂದು ಕಾರ್ಖಾನೆ ತೆರೆದು ಸ್ವಂತ ದುಡಿಮೆಯಿಂದ ಬಾಳಬೇಕೆನ್ನುವ ತರುಣರು ಈಗ ಎಲ್ಲ ಊರುಗಳಲ್ಲಿಯೂ ಇರುವರು. ಅಂಥವರ ಮನೆಯ ಹಿರಿಯರು ಇದನ್ನು ತಿಳಿಯದೆ ಹೋದರೆ, ಕಷ್ಟಪಟ್ಟು ಕೂಡಿಸಿದ ಹಣ ಒಂದು ಗಳಿಗೆಯಲ್ಲಿ ಹೊಗೆಯಾಗಿ ಹೋಗುವುದುಂಟು. ಆದಕಾರಣ ನಮಗೆ ತಿಳಿದುಬಂದಷ್ಟನ್ನು ವಾಚಕರ ಮುಂದಿಡುತ್ತೇವೆ.

ನಮ್ಮ ಬೀದಿಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ತಂದೆಯಿಲ್ಲ. ತಾಯಿ ತಮ್ಮ ಬಳೆಗಳನ್ನು ಅಡವಿಟ್ಟು ಕೊಟ್ಟ ಹಣದಿಂದ ಹಳೆಯ ಲೇತ್ ಯಂತ್ರವೊಂದನ್ನು ಕೊಂಡುತಂದನು. ಅದರ ಮೋಟಾರು 3 ಅಶ್ವಶಕ್ತಿಯದು. ಮೈಮೇಲಿನ ತಗಡಿನಲ್ಲಿ 415 ವೋಲ್ಟ್, ತ್ರೀ ಫೇಸ್ ಎಂದು ಅಚ್ಚಾಗಿತ್ತು. ಮನೆಯಲ್ಲಿದ್ದುದೋ 230 ವೋಲ್ಟಿನ ಸಿಂಗಲ್ ಫೇಸ್. ಯಂತ್ರ ಮಾರಿದಾತನು, “ಒಂದು ಕೆಪಾಸಿಟರ್ ಹಾಕು, ಓಡುತ್ತದೆ” ಎಂದು ಹೇಳಿ ಕಳುಹಿಸಿದ್ದನು. ಹುಡುಗನು ಐ.ಟಿ.ಐ.ಯಲ್ಲಿ ಕಲಿತವನು, ಅವಸರಪಡಲಿಲ್ಲ. ಬೇರೆ ಸಂಪರ್ಕಕ್ಕೆ ಇನ್ನಷ್ಟು ಹಣ ಬೇಕೆಂದು ಅವನು ಹೇಳಿದಾಗ ತಾಯಿ ನಮ್ಮ ಜಗಲಿಗೆ ಬಂದು, “ಮೇಷ್ಟ್ರೇ, ಯಂತ್ರಕ್ಕೆ ಬಳೆ ಹೋಯಿತು, ಕರೆಂಟಿಗೆ ಸರವೂ ಹೋಗಬೇಕೆ? ನೀವೇ ಅವನಿಗೆ ಬುದ್ಧಿ ಹೇಳಿ” ಎಂದರು.

ಬುದ್ಧಿ ಹೇಳುವ ಮೊದಲು ವಿಷಯವನ್ನು ತಿಳಿಯಬೇಕಷ್ಟೆ. ಹುಡುಗನನ್ನು ಕರೆಸಿ ಕುಳ್ಳಿರಿಸಿ ಕೇಳಿದೆವು. ಅವನ ವಿವರಣೆಯ ಸಾರ ಹೀಗಿದೆ: ಮನೆಯ ಪ್ರವಾಹವು ಸೆಕೆಂಡಿಗೆ 50 ಬಾರಿ ಹಿಂದಕ್ಕೂ ಮುಂದಕ್ಕೂ ತೂಗುವುದು, ಹೀಗೆ ತೂಗುವಾಗ 100 ಬಾರಿ ಸೊನ್ನೆಯನ್ನು ಮುಟ್ಟುವುದು. ಉಯ್ಯಾಲೆಯನ್ನು ಎಷ್ಟು ತೂಗಿದರೂ ಅದು ಗಾಣದಂತೆ ಸುತ್ತಲಾರದು. ಹಾಗೆಯೇ ಒಂದೇ ಪ್ರವಾಹದಿಂದ ಮೋಟಾರು ತಾನಾಗಿ ಹೊರಡಲಾರದು; ಅದನ್ನು ಹೊರಡಿಸಲು ಮತ್ತೊಂದು ಸುರುಳಿ, ಕೆಪಾಸಿಟರ್ ಮೊದಲಾದವುಗಳ ನೆರವು ಬೇಕು. ತ್ರೀ ಫೇಸ್ ಎಂಬಲ್ಲಿ ಮೂರು ಪ್ರವಾಹಗಳು, ಒಂದು ಆವೃತ್ತಿಯ ಮೂರನೆಯ ಒಂದು ಪಾಲಿನಷ್ಟು ಅಂತರದಿಂದ, ಒಂದರ ಬೆನ್ನಿಗೊಂದು ಬರುತ್ತವೆ. ಮೋಟಾರಿನ ಒಳಗೆ ಸುತ್ತಲೂ ಹೂಡಿದ ಮೂರು ಸುರುಳಿಗಳಲ್ಲಿ ಅವು ಹರಿಯುವಾಗ ಅಯಸ್ಕಾಂತದ ಸೆಳೆತವೇ ವೃತ್ತಾಕಾರವಾಗಿ ತಿರುಗುವುದು. ಒಳಗಿನ ಉರುಳೆ ಅದನ್ನು ಹಿಂಬಾಲಿಸುವುದು.

ಆಗ ನಾವು ಆ ತಾಯಿಯನ್ನು, “ನೀವು ಹಿಂದೆ ಭತ್ತ ಕುಟ್ಟಿದವರಲ್ಲವೇ? ಒಂದೇ ಒರಳಿಗೆ ಮೂವರು ಒನಕೆ ಹಾಕುವುದು ಹೇಗೆ?” ಎಂದು ಕೇಳಿದೆವು. “ಒಬ್ಬಳದು ಏಳುವಾಗ ಇನ್ನೊಬ್ಬಳದು ಬೀಳಬೇಕು, ಮೇಷ್ಟ್ರೇ. ಸರದಿ ತಪ್ಪಿದರೆ ಒನಕೆಗೆ ಒನಕೆ ತಗಲುತ್ತದೆ” ಎಂದರು. ತ್ರೀ ಫೇಸಿನ ಮರ್ಮವೂ ಇದೇ. ಒಬ್ಬಳೇ ಕುಟ್ಟಿದರೆ ಪೆಟ್ಟು, ಬಿಡುವು, ಮತ್ತೆ ಪೆಟ್ಟು. ಮೂವರು ಸರದಿಯಿಂದ ಕುಟ್ಟಿದರೆ ಬಿಡುವೆಂಬುದೇ ಇಲ್ಲ. ಸಮನಾಗಿ ಹರಿಯುವ ಮೂರು ಪ್ರವಾಹಗಳ ಶಕ್ತಿಯನ್ನು ಕೂಡಿದರೆ ಯಾವ ಕ್ಷಣದಲ್ಲಿಯೂ ಮೊತ್ತ ಒಂದೇ. ಆದುದರಿಂದ ಮೋಟಾರು ಹೆಚ್ಚು ಅದುರುವುದಿಲ್ಲ. ಲೇತಿನಲ್ಲಿ ಕಡೆದ ಕಬ್ಬಿಣದ ಮೈ ನಯವಾಗುತ್ತದೆ.

ತಿರುಗುವ ಸೆಳೆತದ ತತ್ತ್ವವನ್ನು ಇಟಲಿಯ ಫೆರಾರಿಸ್, ಅಮೆರಿಕದಲ್ಲಿದ್ದ ಟೆಸ್ಲಾ ಇವರಿಬ್ಬರೂ 1888ರಲ್ಲಿ ಪ್ರಕಟಿಸಿದರು. 1891ರಲ್ಲಿ ಜರ್ಮನಿಯ ಲೌಫೆನ್ ಎಂಬ ಊರಿನಿಂದ ಸುಮಾರು 175 ಕಿಲೋಮೀಟರು ದೂರದ ಫ್ರಾಂಕ್‌ಫರ್ಟ್ ನಗರಕ್ಕೆ ತ್ರೀ ಫೇಸ್ ವಿದ್ಯುತ್ತು ಹರಿಯಿತು. ಅದಾದ ಹನ್ನೊಂದೇ ವರ್ಷಕ್ಕೆ, 1902ರಲ್ಲಿ, ನಮ್ಮ ಶಿವನಸಮುದ್ರದ ಕಾವೇರಿಯು ಸುಮಾರು 150 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳ ಯಂತ್ರಗಳನ್ನು ತಿರುಗಿಸಿದಳು. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದುದು 1905ರಲ್ಲಿ. ನಮ್ಮ ನಾಡಿನಲ್ಲಿ ಈ ಶಕ್ತಿಯು ದೀಪಕ್ಕಿಂತ ಮೊದಲು ದುಡಿಮೆಗೇ ಬಂದಿತೆಂಬುದನ್ನು ವಾಚಕರು ಗಮನಿಸಬಹುದು.

ಇನ್ನು ಹುಡುಗನ ಮುಂದಿದ್ದ ದಾರಿಗಳು. ಕೆಪಾಸಿಟರ್ ಒಂದರಿಂದಲೇ ತ್ರೀ ಫೇಸ್ ಮೋಟಾರು ಓಡುವುದು ನಿಜ. ಆದರೆ ಪೂರ್ಣ ಬಲ ಬಾರದು, ಹೊರೆ ಬದಲಾದಂತೆ ಸುರುಳಿಗಳ ಪಾಲು ಏರುಪೇರಾಗಿ ಮೋಟಾರು ಕಾಯುವುದು. ಎರಡನೆಯದು, ಮೋಟಾರನ್ನೇ ಬದಲಿಸಿ ಸಿಂಗಲ್ ಫೇಸಿನದನ್ನು ಕೂಡಿಸುವುದು. ಹಗುರವಾದ ಕೆಲಸಕ್ಕೆ ಇದು ಸಾಕು. ಮೂರನೆಯದು ವಿ.ಎಫ್.ಡಿ. ಎಂಬ ಪೆಟ್ಟಿಗೆ. ಇದು ಮನೆಯ ಪ್ರವಾಹವನ್ನು ಮೊದಲು ಏಕಮುಖವಾಗಿ ಮಾಡಿ, ಅದರಿಂದ ಮೂರು ಸರದಿಯ ಪ್ರವಾಹವನ್ನು ಹೊಸದಾಗಿ ಹೆಣೆಯುವುದು; ವೇಗವನ್ನೂ ಬೇಕಾದಂತೆ ಏರಿಸಿ ಇಳಿಸಬಹುದು. ಆದರೆ 230 ವೋಲ್ಟ್ ಉಣಿಸಿದರೆ ಸಾಮಾನ್ಯವಾಗಿ ಹೊರಬರುವುದೂ 230 ವೋಲ್ಟೇ. ಸ್ಟಾರ್ ಜೋಡಣೆಯಲ್ಲಿರುವ 415 ವೋಲ್ಟಿನ ಮೋಟಾರನ್ನು ಡೆಲ್ಟಾ ಜೋಡಣೆಗೆ ಮಾರ್ಪಡಿಸಬೇಕು. ಸುರುಳಿಗಳ ಆರು ತುದಿಗಳೂ ಹೊರಗಿದ್ದರೆ ಮಾತ್ರ ಅದು ಸುಲಭ. ಮೇಲಾಗಿ, ತ್ರೀ ಫೇಸಿನಲ್ಲಿ ಸುಮಾರು 5 ಆಂಪಿಯರು ಸೆಳೆಯುವ ಆ ಮೋಟಾರು ಈ ಪೆಟ್ಟಿಗೆಯ ಮೂಲಕ ಮನೆಯ ತಂತಿಯಿಂದ 15 ಆಂಪಿಯರಿಗೂ ಮಿಗಿಲಾಗಿ ಸೆಳೆಯಬಹುದು. ಹಳೆಯ ತಂತಿಗಳು ಇದನ್ನು ತಾಳಲಾರವು.

ನಾಲ್ಕನೆಯದು, ವಿದ್ಯುತ್ ಕಂಪೆನಿಗೆ ಅರ್ಜಿ ಹಾಕಿ ಕಾರ್ಖಾನೆಗೆಂದೇ ತ್ರೀ ಫೇಸ್ ಸಂಪರ್ಕ ಪಡೆಯುವುದು. ಮೊದಲಿಗೆ ಖರ್ಚು ಹೆಚ್ಚು. ತಿಂಗಳು ತಿಂಗಳು ನಿಗದಿಯಾದ ಶುಲ್ಕವೂ ಉಂಟು. ಆದರೂ ವಾಸದ ಮನೆಗೆಂದು ಪಡೆದ ಸಂಪರ್ಕದಿಂದ ಕಾರ್ಖಾನೆ ನಡೆಸುವುದು 2003ರ ವಿದ್ಯುಚ್ಛಕ್ತಿ ಕಾಯಿದೆಯ ಪ್ರಕಾರ ಅನಧಿಕೃತ ಬಳಕೆ, ದಂಡ ತೆರಬೇಕಾಗುವುದು. ಇದನ್ನೆಲ್ಲ ಕೇಳಿದ ತಾಯಿ ಒಂದು ದಿನ ಯೋಚಿಸಿ, ಸರವನ್ನು ತಾವೇ ತಂದು ಮಗನ ಕೈಗಿತ್ತರು.

ಸಂಪರ್ಕ ಬಂದ ಕೆಲವು ತಿಂಗಳಿಗೆ ಒಂದು ಮಧ್ಯಾಹ್ನ ಲೇತ್ ಥಟ್ಟನೆ ನಿಂತಿತು. ತಾಯಿ ಹಿತ್ತಿಲಿಗೆ ಬಂದು, “ಮನೆಯಲ್ಲಿ ದೀಪ ಉರಿಯುತ್ತಿದೆಯಲ್ಲೋ, ಯಂತ್ರ ಏಕೆ ನಿಂತಿತು?” ಎಂದು ಕೇಳಿದರು. “ಅಮ್ಮಾ, ಮೂವರಲ್ಲಿ ಒಬ್ಬಳು ಒನಕೆ ಇಟ್ಟು ಎದ್ದುಹೋದಳು” ಎಂದನಂತೆ ಮಗ. ಬೀದಿಯಲ್ಲಿ ಒಂದು ಫೇಸಿನ ಫ್ಯೂಸ್ ಹೋಗಿತ್ತು. ಹಾಗೆ ಒಂದು ಹೋದಾಗ ಓಡುತ್ತಿರುವ ಮೋಟಾರು ತಾನಾಗಿ ನಿಲ್ಲದೆ, ಉಳಿದೆರಡು ಫೇಸುಗಳಿಂದಲೇ ಹೆಚ್ಚು ಪ್ರವಾಹ ಎಳೆದು, ಗುಂಯ್ಗುಡುತ್ತ ಕಾದು ಸುಟ್ಟುಹೋಗುವುದುಂಟು. ಇದನ್ನು ಬಲ್ಲ ಹುಡುಗನು ಒಂದು ಫೇಸು ತಪ್ಪಿದೊಡನೆ ಸಂಪರ್ಕ ಕಡಿಯುವ ಸಣ್ಣ ರಕ್ಷಕವೊಂದನ್ನು ಮೊದಲೇ ಹಾಕಿಸಿದ್ದನು. ಅದೇ ಅಂದು ಬಳೆಯನ್ನೂ ಸರವನ್ನೂ ಉಳಿಸಿತು. ಒಡವೆಗಳನ್ನು ಇನ್ನೂ ಬಿಡಿಸಿಕೊಂಡಿಲ್ಲ. ಆದರೆ ಬಡ್ಡಿ ತಿಂಗಳು ತಪ್ಪದೆ ಹೋಗುತ್ತಿದೆ, ಲೇತಿಗೆ ಕೆಲಸವೂ ತಪ್ಪಿಲ್ಲ.

ಮನೆಯ ಮಕ್ಕಳು ಯಂತ್ರ ಕೊಳ್ಳುತ್ತೇವೆಂದು ಬಂದಾಗ ಹಿರಿಯರು ಬೆಲೆಯೊಂದನ್ನೇ ಕೇಳದಿರಲಿ. ಮೋಟಾರಿನ ತಗಡಿನಲ್ಲಿ ಏನು ಬರೆದಿದೆ, ಮನೆಗೆ ಬರುವ ತಂತಿಯಲ್ಲಿ ಏನಿದೆ, ಒಂದು ಫೇಸು ತಪ್ಪಿದರೆ ಕಾಯುವುದು ಯಾವುದು ಎಂಬ ಮೂರು ಪ್ರಶ್ನೆಗಳನ್ನು ಮುಂಗಡ ಕೊಡುವ ಮೊದಲೇ ಕೇಳಲಿ. ತಂತಿಯ ಕೆಲಸವನ್ನು ಪರವಾನಗಿಯುಳ್ಳವರಿಂದಲೇ ಮಾಡಿಸಲಿ. ಇಷ್ಟನ್ನು ವಿಚಾರಿಸಲು ಇಂಜಿನಿಯರಾಗಬೇಕಾಗಿಲ್ಲ. ಒರಳಿನ ಮುಂದೆ ಸರದಿ ಕಾಯ್ದವರಿಗೆ ಸಹಜವಾಗಿರುವ ವಿವೇಕವೇ ಸಾಕು.